ಕಪ್ಪು ನಿಂತ ಜಾಗ

ತರಗತಿಯಲ್ಲಿ ಆಳ್ವ ಸರ್ ತಾವಾಗಿ ಒಂದು ಬಣ್ಣದ ಹೆಸರು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಬಣ್ಣದ ಮಾತಿಲ್ಲದೆ ಒಂದು ತರಗತಿಯೂ ಸಾಗುವುದಿಲ್ಲ. ಬ್ಯೂರೆಟ್ಟಿನಿಂದ ಹನಿ ಬೀಳುತ್ತದೆ, ದ್ರಾವಣ ತೆಳು ಗುಲಾಬಿಯಾಗುತ್ತದೆ. ಇನ್ನೊಂದು ಹನಿ ಹೆಚ್ಚಾದರೆ ಕೆಲಸ ಕೆಟ್ಟಿತು. ಆ ಹೊತ್ತಿಗೆ ಸರಿಯಾಗಿ ಸರ್ ನಮ್ಮ ಪಕ್ಕ ಬಂದು ಕೈಕಟ್ಟಿ ನಿಲ್ಲುತ್ತಿದ್ದರು. ಅವರು ನೋಡುತ್ತಿದ್ದುದು ಪಾತ್ರೆಯನ್ನಲ್ಲ, ನಮ್ಮ ಮುಖವನ್ನು.

"ಬಂತಾ?"

"ಬಂತು ಸಾರ್."

"ಎಂತ ಬಂತು? ಬಾಯಿ ಬಿಟ್ಟು ಹೇಳಿ ಮಾರಾಯ್ರೆ."

"ಪಿಂಕ್ ಸಾರ್."

"ಹಾಂ. ಬರ್ಕೊಳ್ಳಿ."

ಇದು ಅವರು ಪಾಠ ಹೇಳುವ ಕ್ರಮ ಎಂದೇ ನಾವು ತಿಳಿದಿದ್ದೆವು. ವಿದ್ಯಾರ್ಥಿ ತನ್ನ ಕಣ್ಣಿನ ಮೇಲೆ ತಾನೇ ನಿಲ್ಲಬೇಕು ಎಂಬ ಉದ್ದೇಶವಿರಬೇಕು ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ಅವರು ಎಂದೂ ಬಿಳಿ ಅಂಗಿ, ಕಪ್ಪು ಪ್ಯಾಂಟು ಬಿಟ್ಟು ಬೇರೆ ತೊಡುತ್ತಿರಲಿಲ್ಲ. ಅದನ್ನೂ ಹಳೆಯ ಕಾಲದ ಮೇಷ್ಟರ ಶಿಸ್ತು ಎಂದುಕೊಂಡಿದ್ದೆ.

ಬೋಳಾರದಲ್ಲಿ ಅವರ ಮನೆ. ದೊಡ್ಡ ಕುಟುಂಬ, ಅಣ್ಣತಮ್ಮಂದಿರೆಲ್ಲ ಹೋಟೆಲು ನಡೆಸುವವರು. ಇವರೊಬ್ಬರೇ ಸೀಮೆಸುಣ್ಣ ಹಿಡಿದವರು. "ನಾವು ಚಾ ಮಾರಿ ಮನೆ ಕಟ್ಟಿದೆವು, ಇವ ಚಾ ಅಳೆದು ಕನ್ನಡಕ ಹಾಕಿಕೊಂಡ" ಎಂದು ಅಣ್ಣಂದಿರು ತಮಾಷೆ ಮಾಡುತ್ತಾರೆಂದು ಸರ್ ತಾವೇ ಹೇಳಿ, ಭುಜ ಕುಲುಕಿಸಿ ನಗುತ್ತಿದ್ದರು.

ಚಾ ಅಳೆಯುವುದು ಎಂದರೆ ಚಾದಲ್ಲಿರುವ ಪಾಲಿಫಿನಾಲ್ ಎಂಬ ಅಂಶವನ್ನು ಅಳೆಯುವುದು. ಹಾಲು ಹಾಕದ ಚಾ ಕುಡಿದಾಗ ನಾಲಿಗೆಯನ್ನು ಹಿಡಿದಂತಾಗುತ್ತದಲ್ಲ, ಆ ಒಗರಿಗೆ ಕಾರಣವಾಗುವ ಅಂಶ ಅದು. ಒಳ್ಳೆಯ ಎಲೆಯಲ್ಲಿ ಅದು ಧಾರಾಳವಾಗಿರುತ್ತದೆ. ಒಮ್ಮೆ ಕುದಿಸಿ ಬಸಿದ ಎಲೆಯಲ್ಲಿ ಹೆಚ್ಚು ಉಳಿದಿರುವುದಿಲ್ಲ. ಅಳೆಯಲು ಬೆಲೆಬಾಳುವ ಯಂತ್ರಗಳಿವೆ. ನಮ್ಮ ವಿಭಾಗದಲ್ಲಿಯೂ ಒಂದಿತ್ತು, ಹೆಚ್ಚಿನ ದಿನ ಅದರ ಮೇಲೆ ಬಟ್ಟೆ ಹೊದಿಸಿರುತ್ತಿತ್ತು. ರಿಪೇರಿಯವನು ಬರುತ್ತಾನೆ ಎಂದು ಕಾದು ಕಾದು ಸರ್ ಅದರ ಆಸೆ ಬಿಟ್ಟು ಸೋಸುಕಾಗದ ಹಿಡಿದಿದ್ದರು.

"ಮಿಶಿನಿಗೆ ಕರೆಂಟ್ ಬೇಕು, ಎಸಿ ಬೇಕು, ಪೂಜೆ ಬೇಕು. ಕಾಗದಕ್ಕೆ ಎಂತ ಬೇಕು? ಅದಕ್ಕೆ ಹುಟ್ಟುವಾಗಲೇ ಬಾಯಾರಿಕೆ ಉಂಟು. ತುದಿ ಒದ್ದೆ ಮಾಡಿ ಸಾಕು, ತಾನಾಗಿಯೇ ಕುಡೀತದೆ."

ಸ್ನಾತಕೋತ್ತರ ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಅವರ ಬಳಿ ಸೇರಿದೆ. ಬಂದರಿನಲ್ಲಿ ನನ್ನ ಉಪ್ಪನದು, ಎಂದರೆ ಅಪ್ಪನದು, ಚಾ ಹುಡಿಯ ಸಗಟು ಅಂಗಡಿ, ಹಿಂದೆ ಗೋದಾಮು. ಅಜ್ಜನ ಕಾಲದಿಂದಲೂ ಅದೇ ವ್ಯಾಪಾರ. ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮುಚ್ಚಿಡುವಂಥದ್ದೇನಲ್ಲ, ಮನೆಯ ಮಾತನ್ನು ಹೊರಗೆ ಆಡುವ ಅಭ್ಯಾಸ ನನಗಿಲ್ಲ, ಅಷ್ಟೆ. ಸರ್ ಮೊದಲ ವಾರದಲ್ಲೇ ಮೂಗು ಅರಳಿಸಿ, "ನಸೀಮಾ, ನಿನ್ನ ಬ್ಯಾಗಿಗೆ ಚಾ ಹುಡಿಯ ಪರಿಮಳ ಉಂಟು, ಎಂತ ಕತೆ?" ಎಂದರು. ಹೇಳಬೇಕಾಯಿತು. ಅಂದಿನಿಂದ ನಮ್ಮ ಮಾದರಿಗಳೆಲ್ಲ ಉಪ್ಪನ ಗೋದಾಮಿನಿಂದ ಬಂದವು. ಸರ್ ಆಗಾಗ ತಾವೇ ಅಂಗಡಿಗೆ ಹೋಗಿ ಉಪ್ಪನೊಡನೆ ತುಳುವಿನಲ್ಲಿ ಹರಟಿ, ಹಾಲಿಲ್ಲದ ಒಂದು ಸುಲೈಮಾನಿ ಚಾ ಕುಡಿದು ಬರುವುದೂ ರೂಢಿಯಾಯಿತು.

ಮೊದಮೊದಲು ನಾವು ಮಾಡುತ್ತಿದ್ದ ಪರೀಕ್ಷೆ ಸರಳ. ಸೋಸುಕಾಗದದ ಮೇಲೆ ಮಕ್ಕಳ ಮೇಣದ ಕ್ರೇಯಾನಿನಿಂದ ಸಣ್ಣ ಬಳೆಯಂಥ ವೃತ್ತ ಬರೆದು, ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿದರೆ ಮೇಣ ಕರಗಿ ಕಾಗದದೊಳಗೆ ಇಳಿದು ಗೋಡೆಯಾಗುತ್ತದೆ. ಒಳಗೆ ಕಬ್ಬಿಣದ ಲವಣದ ಒಂದು ಹನಿ. ಒಣಗಿದ ಮೇಲೆ ಚಾದ ಒಂದು ಹನಿ. ಒಗರಿನ ಅಂಶವೂ ಕಬ್ಬಿಣವೂ ಕೂಡಿದ ಕೂಡಲೆ ಕಪ್ಪು ನೀಲಿಯ ಕಲೆ ಏಳುತ್ತದೆ. ಕಲೆ ಎಷ್ಟು ಗಾಢವಿದೆ ಎಂದು ಪಕ್ಕದಲ್ಲಿಟ್ಟ ಬಣ್ಣದ ಪಟ್ಟಿಗೆ ಹೋಲಿಸಿ ನೋಡುವುದು. ಹೋಲಿಸುವ ಕೆಲಸವನ್ನು ಸರ್ ಎಂದೂ ಮಾಡುತ್ತಿರಲಿಲ್ಲ. ನನ್ನನ್ನು, ಪಕ್ಕದ ಮೇಜಿನವರನ್ನು, ಕೆಲವೊಮ್ಮೆ ಬಾಗಿಲಲ್ಲಿ ಹಾದುಹೋಗುವವರನ್ನೂ ಕರೆದು ಕೇಳುತ್ತಿದ್ದರು. ಚಾದ ಸ್ವಂತ ಕಂದು ಬಣ್ಣ ಕಲೆಗೆ ಬೆರೆತು, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಸರ್ ಸಪ್ಪೆ ಮುಖ ಮಾಡಿಕೊಂಡು ಕೂರುತ್ತಿದ್ದರು.

ಒಮ್ಮೆ ಅವರೇ ಕೂತು ಒಂದು ಹಾಳೆ ತುಂಬ ವೃತ್ತಗಳನ್ನು ಬರೆದಿದ್ದರು. ಪ್ರತಿ ವೃತ್ತವೂ ಅರ್ಧ ಕೆಂಪು, ಅರ್ಧ ಹಸಿರು.

"ಚೆಂದ ಉಂಟು ಸಾರ್," ಎಂದೆ.

"ಎಂತ ಚೆಂದ?"

"ಎರಡು ಬಣ್ಣ ಹಾಕಿದ್ದೀರಲ್ಲ."

ಸರ್ ಕೈಯಲ್ಲಿದ್ದ ಕ್ರೇಯಾನನ್ನೂ ಮೇಜಿನ ಮೇಲಿದ್ದದ್ದನ್ನೂ ನೋಡಿ, ಎರಡನ್ನೂ ಡಬ್ಬಿಗೆ ಹಾಕಿ ಮುಚ್ಚಿದರು.

ಅದರ ಕಾರಣ ಗೊತ್ತಾದದ್ದು ನಂತೂರಿನಲ್ಲಿ, ಹೆದ್ದಾರಿಯ ವೃತ್ತದಲ್ಲಿ. ಒಂದು ಶಾಲೆಯ ಮಕ್ಕಳಿಗೆ ಕಾಗದದ ಪರೀಕ್ಷೆ ತೋರಿಸಲು ಹೊರಟಿದ್ದೆವು. ಅವರ ಹಳೆಯ ಕಾರಿನಲ್ಲಿ ಮುಂದಿನ ಸೀಟು ಯಾವಾಗಲೂ ಅವರ ಹೆಂಡತಿ ವಸಂತಿ ಮೇಡಂ ಅವರದು. ಅಂದು ಅವರಿಗೆ ಬೇರೆ ಕೆಲಸವಿತ್ತು. ಹಿಂದಿನ ಸೀಟು ತುಂಬ ಗಾಜಿನ ಸಾಮಾನು, ನಾನು ಮುಂದೆ ಕೂತಿದ್ದೆ. ನಂತೂರಿನಲ್ಲಿ ರಸ್ತೆ ಕೆಲಸ ನಡೆದು, ಒಂದು ತಾತ್ಕಾಲಿಕ ಸಿಗ್ನಲ್ ನಿಲ್ಲಿಸಿದ್ದರು. ಅದರ ದೀಪಗಳು ಮೇಲೆ ಕೆಳಗೆ ಇರದೆ ಅಡ್ಡಡ್ಡ ಇದ್ದವು. ದೀಪ ಹಸಿರಾಯಿತು. ಸರ್ ಹೊರಡಲಿಲ್ಲ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಸರ್ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು, ನನ್ನ ಕಡೆ ತಿರುಗದೆ ಕೇಳಿದರು:

"ಈಗ ಅದರಲ್ಲಿ ಎಂತ ಉಂಟು?"

"ಗ್ರೀನ್ ಸಾರ್. ಹೋಗ್ಬಹುದು."

ವೃತ್ತ ದಾಟಿ, ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

"ಕೆಂಪು, ಹಸುರು, ಕಂದು ಎಲ್ಲ ನನಗೆ ಒಂದೇ ಚಟ್ನಿ. ಹುಟ್ಟಿದ ಲಾಗಾಯ್ತು ಹಾಗೇ. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಹೇಳಲಿಕ್ಕೆ ನಾಚಿಕೆ. ಬಣ್ಣ ಕಾಣದವ ಬಣ್ಣದ ಪಾಠ ಮಾಡ್ತಾನೆ ಅಂತ ಮಕ್ಕಳು ನಗಾಡಿದ್ರೆ ಎಂತ ಮಾಡುವುದು?" ಕರವಸ್ತ್ರ ಮಡಚಿ ಕಿಸೆಗೆ ಹಾಕಿ, "ವಸಂತಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿನ್ನಲ್ಲೇ ಇರಲಿ," ಎಂದರು.

"ಇರ್ತದೆ ಸಾರ್."

"ಮತ್ತೆ ಇಷ್ಟು ವರ್ಷ ಸಿಗ್ನಲ್ ಹೇಗೆ ನೋಡ್ತಿದ್ರಿ?" ಎಂದು ನಾನೇ ಮತ್ತೆ ಕೇಳಿದೆ.

"ಅದರಲ್ಲಿ ಎಂತ ಉಂಟು? ಮೇಲಿನ ದೀಪ ಉರಿದ್ರೆ ನಿಲ್ಲುವುದು, ಕೆಳಗಿನದು ಉರಿದ್ರೆ ಹೋಗುವುದು. ಬಣ್ಣ ಯಾರಿಗೆ ಬೇಕು, ಜಾಗ ಗೊತ್ತಿದ್ರೆ..."

ಮಾತು ಅಲ್ಲಿಗೇ ನಿಂತಿತು. ಒಬ್ಬ ಮನುಷ್ಯನ ತಲೆಯೊಳಗೆ ಒಂದು ವಿಚಾರ ಹುಟ್ಟುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೊಂದೇ ಸಲ. ಅವರ ತುಟಿ ಸ್ವಲ್ಪ ತೆರೆದಿತ್ತು. ಬೆರಳು ಗಾಜಿನ ಮೇಲಿನ ಧೂಳಿನಲ್ಲಿ ಕೆಳಗಿನಿಂದ ಮೇಲಕ್ಕೆ ಒಂದು ಗೆರೆ ಎಳೆಯಿತು. "ನಸೀಮಾ, ನಾವು ಇಷ್ಟು ದಿನ ಎಂತ ಬಣ್ಣ ಅಂತ ಕೇಳ್ತಾ ಇದ್ದೆವು. ಎಲ್ಲಿಯವರೆಗೆ ಅಂತ ಕೇಳ್ಬೇಕಿತ್ತು."

ಮಾರನೆಯ ದಿನದಿಂದ ವೃತ್ತಗಳು ಹೋಗಿ ಉದ್ದದ ಪಟ್ಟಿಗಳು ಬಂದವು. ಎರಡು ಮೇಣದ ಗೆರೆಗಳ ನಡುವೆ ಒಂದು ಕಿರಿದಾದ ಓಣಿ. ಓಣಿಯ ಉದ್ದಕ್ಕೂ ಕಬ್ಬಿಣದ ಲವಣ ಕುಡಿಸಿ ಒಣಗಿಸಿದ ಕಾಗದ. ಬುಡವನ್ನು ತಿಳಿ ಚಾದಲ್ಲಿ ಇಟ್ಟರೆ ಚಾ ಮೇಲೇರುತ್ತದೆ, ಏರುತ್ತ ಅದರ ಒಗರು ಕಬ್ಬಿಣವನ್ನು ಹಿಡಿದು ಕಪ್ಪಾಗಿ ಅಲ್ಲೇ ಕೂತುಬಿಡುತ್ತದೆ. ಒಗರು ಹೆಚ್ಚಿದ್ದರೆ ಕಪ್ಪು ದೂರ ಹೋಗುತ್ತದೆ. ಕಡಿಮೆ ಇದ್ದರೆ ಬೇಗ ಮುಗಿದು ನಿಲ್ಲುತ್ತದೆ. ನೀರು ಮಾತ್ರ ಮುಂದೆ ಹೋಗುತ್ತದೆ. ಪಕ್ಕದಲ್ಲಿ ಸ್ಕೇಲಿನ ಗುರುತು. ಗಾಢವೋ ತೆಳುವೋ, ನೀಲಿಯೋ ಕಂದೋ ಎಂಬ ಪ್ರಶ್ನೆಯೇ ಇಲ್ಲ. ಕಪ್ಪು ಎಲ್ಲಿ ನಿಂತಿತು, ಅಷ್ಟೆ.

ಮೊದಲ ಪಟ್ಟಿ ಸರಿಯಾಗಿ ಬಂದ ದಿನ ನಾವಿಬ್ಬರೂ ಮೇಜಿಗೆ ಗಲ್ಲ ತಾಗಿಸಿ ನೋಡುತ್ತಿದ್ದೆವು. ಬಿಳಿ ಕಾಗದದಲ್ಲಿ ಆ ಕಪ್ಪು, ಯಾರೂ ದೂಡದೆ, ಅವಸರವಿಲ್ಲದೆ ಮೇಲೇರುತ್ತಿತ್ತು. ಅದು ನಿಂತ ಕೂಡಲೆ ಸರ್ ನನ್ನನ್ನು ಏನೂ ಕೇಳಲಿಲ್ಲ. ತಾವೇ ಸ್ಕೇಲಿನ ಗುರುತು ಓದಿ, ತಾವೇ ಬರೆದುಕೊಂಡರು. ಆ ಪ್ರಯೋಗಾಲಯದಲ್ಲಿ ಅವರು ಯಾರನ್ನೂ ಕೇಳದೆ ಬರೆದ ಮೊದಲ ಫಲಿತಾಂಶ ಅದು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಪದವಿ ಪರೀಕ್ಷೆ ಮುಗಿದು, ನಾನು ಸಂಶೋಧನೆಗೆ ಅವರಲ್ಲೇ ಮುಂದುವರಿದ ವರ್ಷ ಉಪ್ಪನಿಗೆ ಒಂದು ಇಕ್ಕಟ್ಟು ಬಂತು. ಅವರಿಗೆ ಬಹಳ ಕಾಲದಿಂದ ಚಾ ಹುಡಿ ಕಳಿಸುತ್ತಿದ್ದವರು ತೀರಿಕೊಂಡು, ಅವರ ಮಕ್ಕಳು ವ್ಯಾಪಾರ ನಿಲ್ಲಿಸಿದರು. ಗೋದಾಮು ಖಾಲಿಯಾಗುತ್ತ ಬಂತು. ಊರಿನ ಹೋಟೆಲುಗಳು ಉಪ್ಪನ ಚೀಲವನ್ನು ಬಿಚ್ಚಿ ನೋಡದೆ ಅಡುಗೆಮನೆಗೆ ಒಯ್ಯುತ್ತಿದ್ದವು. ಅಜ್ಜನಿಂದ ಬಂದ ಆ ನಂಬಿಕೆಯೇ ನಮ್ಮ ಅಂಗಡಿಯ ಆಸ್ತಿ. ಅಂಥ ಹೊತ್ತಿನಲ್ಲಿ ಘಟ್ಟದ ಮೇಲಿನ ಒಬ್ಬ ಏಜೆಂಟ್ ಮಾದರಿ ಹಿಡಿದು ಬಂದ. ಲಾರಿ ನಂತೂರಿಗೆ ಬಂದು ನಿಂತಿದೆ, ಸಂಜೆಯೊಳಗೆ ಹೇಳದಿದ್ದರೆ ಮಾಲು ಬೇರೆಯವರಿಗೆ ಹೋಗುತ್ತದೆ ಎಂದ.

ಮನೆಯಿಂದ ಉಪ್ಪನಿಗೆ ಊಟ ತಂದಿದ್ದ ನಾನು ಅಲ್ಲೇ ಇದ್ದೆ. ಉಪ್ಪ ಬಿಳಿ ಪಿಂಗಾಣಿ ಕಪ್ಪಿಗೆ ಚಾ ಬಸಿದು ಬಾಗಿಲ ಬೆಳಕಿಗೆ ಹಿಡಿದರು. ಅದ್ಭುತವಾದ ಕೆಂಪು. "ಇಂಥ ಬಣ್ಣ ಈಚೆಗೆ ನೋಡ್ಲೇ ಇಲ್ಲ," ಎಂದರು. ಒಂದು ಗುಟುಕು ಕುಡಿದರು. ಆಮೇಲೆ ನಾಲಿಗೆಯನ್ನು ತುಟಿಯ ಮೇಲೆ ಆಡಿಸುತ್ತ ಒಗರು ಹುಡುಕಿದರು.

"ನಸೀಮಾ, ನಿನ್ನ ಕಾಗದ ಬ್ಯಾಗಲ್ಲಿ ಉಂಟಾ?"

ಉಪ್ಪ ನನ್ನ ಕೆಲಸದ ಬಗ್ಗೆ ಹಾಗೆ ಕೇಳಿದ್ದು ಅದೇ ಮೊದಲು. ಗೋದಾಮಿನ ಹಳೆಯ ಹುಡಿ ಒಂದು ಲೋಟ, ಏಜೆಂಟನದು ಒಂದು ಲೋಟ. ತೂಕ ಸಮ, ನೀರು ಸಮ. ಸೋಸಿ, ಆರಿಸಿ, ಎರಡಕ್ಕೂ ಪಟ್ಟಿ ಇಳಿಸಿದೆ. ಹಳೆಯದರಲ್ಲಿ ಕಪ್ಪು ಅರ್ಧವನ್ನು ದಾಟಿ ಅಚ್ಚುಕಟ್ಟಾಗಿ ನಿಂತಿತು. ಹೊಸದರಲ್ಲಿ ಕಪ್ಪಿನ ಜೊತೆಗೆ ಕಣ್ಣು ಸೆಳೆಯುವ ಒಂದು ಕೆಂಪು ಏರಿತು. ಅದು ಕಪ್ಪಿನೊಳಗಿಂದ ಹೊರಟು, ಅದನ್ನೂ ಮೀರಿ, ಪಟ್ಟಿಯ ತಲೆಯವರೆಗೆ ಹೋಯಿತು. ಕಪ್ಪು ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಸುರುವಾಯಿತು ಎಂದು ನನ್ನ ಕಣ್ಣಿಗೆ ಹಿಡಿಯಲಾಗಲಿಲ್ಲ.

"ನೋಡಿ ಹಾಜಿಯವರೇ," ಏಜೆಂಟ್ ತೊಡೆ ತಟ್ಟಿದ. "ನಿಮ್ಮದಕ್ಕಿಂತ ನಮ್ಮದೇ ಎತ್ತರಕ್ಕೆ ಹೋಯ್ತು!"

ಉಪ್ಪನ ಮುಖ ಅರಳಿತು. ಊಹೆಯ ಮೇಲೆ ಮಾತಾಡಲು ನನಗೆ ಬರುವುದಿಲ್ಲ. "ಸಾರ್‌ಗೆ ಫೋನ್ ಮಾಡ್ತೇನೆ," ಎಂದೆ.

ಬೋಳಾರದಿಂದ ಬಂದರಿಗೆ ದೂರವಿಲ್ಲ. ಸರ್ ಬೆವರುತ್ತ ಬಂದರು. "ದಾನೆ, ಎಂತ ಸಮಾಚಾರ ಹಾಜಿಯವರೇ, ಚಾ ಉಂಟಾ ಇಲ್ವಾ?" ಎನ್ನುತ್ತಲೇ ಸ್ಟೂಲಿನ ಮೇಲೆ ಕೂತು, ಕನ್ನಡಕ ಒರೆಸಿಕೊಂಡು, ಹೊಸ ಪಟ್ಟಿಯನ್ನು ಎತ್ತಿದರು. ಒಂದು ಕ್ಷಣವೂ ತಡವಾಗಲಿಲ್ಲ. ಹೆಬ್ಬೆರಳಿನ ಉಗುರನ್ನು ಪಟ್ಟಿಯ ಬುಡಕ್ಕೆ ಹತ್ತಿರದ ಒಂದು ಜಾಗದಲ್ಲಿ ಒತ್ತಿದರು.

"ಇಲ್ಲಿ ನಿಂತಿದೆ. ಅರ್ಧಕ್ಕೂ ಬರ್ಲಿಲ್ಲ. ಈ ಚಾದಲ್ಲಿ ಒಗರೇ ಇಲ್ಲ ಮಾರಾಯ್ರೆ. ಕುದಿಸಿದ ಎಲೆ ಒಣಗಿಸಿ ಬಣ್ಣ ಕಟ್ಟಿ ಬೆರೆಸಿದ ಹಾಗೆ ಕಾಣ್ತದೆ."

ಏಜೆಂಟ್ ನಕ್ಕುಬಿಟ್ಟ. "ಏನ್ ಸಾರ್ ನೀವು! ನಿಮ್ಮ ಉಗುರಿಂದ ಮೇಲೆ ಇಷ್ಟುದ್ದ ಕೆಂಪಗೆ ಹತ್ತಿದೆ. ಚಿಕ್ಕ ಮಗೂಗೂ ಕಾಣಿಸುತ್ತೆ. ನಿಮಗೆ ಕಾಣಲ್ವಾ?"

ಉಪ್ಪ ಸಂಕೋಚದಿಂದಲೇ ಬಗ್ಗಿ ನೋಡಿ, "ನನಗೂ ಮೇಲಿನವರೆಗೆ ಕಾಣ್ತದೆ ಸಾರ್," ಎಂದರು.

ಸರ್ ನನ್ನ ಮುಖ ನೋಡಿದರು. ಪ್ರಯೋಗಾಲಯದಲ್ಲಿ ನೋಡುತ್ತಿದ್ದ ಹಾಗೆಯೇ. 'ಎಂತ ಬಂತು? ಬಾಯಿ ಬಿಟ್ಟು ಹೇಳು' ಎನ್ನುವ ನೋಟ. ಕಪ್ಪಿನ ಅಂಚು ನನಗೆ ಕಂಡಿದ್ದರೆ ನಾನು ಹೇಳುತ್ತಿದ್ದೆ, ಅವರ ಗುಟ್ಟು ಅವರಲ್ಲೇ ಉಳಿಯುತ್ತಿತ್ತು. ನನಗೆ ಕಂಡಿರಲಿಲ್ಲ. ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ. ಹೊರಗೆ ಮೀನು ಮಾರ್ಕೆಟ್ಟಿನ ಕಡೆಯಿಂದ ಯಾರೋ ಮಂಜುಗಡ್ಡೆ ಒಡೆಯುವ ಸದ್ದು ಬರುತ್ತಿತ್ತು.

"ಇಲ್ಲ," ಎಂದರು ಸರ್. ಧ್ವನಿ ಏರಲಿಲ್ಲ. "ನನಗೆ ಕಾಣುವುದಿಲ್ಲ. ನಿಮಗೆಲ್ಲ ಕಾಣುವ ಆ ಕೆಂಪು ನಾನು ಹುಟ್ಟಿದಾಗಿಂದ ನೋಡ್ಲಿಲ್ಲ. ನಾನು ಬಣ್ಣಗುರುಡ. ಅದಕ್ಕೇ ಹಾಜಿಯವರೇ, ಕಪ್ಪು ಎಲ್ಲಿ ನಿಂತಿದೆ ಅಂತ ನನಗೆ ಕಾಣ್ತದೆ. ನಿಮ್ಮ ಕಣ್ಣನ್ನು ಆ ಕೆಂಪು ಕೈ ಹಿಡಿದು ಎಳ್ಕೊಂಡು ಹೋಗ್ತಾ ಉಂಟು."

ಏಜೆಂಟನ ನಗು ಮುಖದಲ್ಲೇ ಉಳಿದು ಹಳಸಿತು. ಸರ್ ಎದ್ದು, ಎರಡೂ ಪಟ್ಟಿ ಹಿಡಿದುಕೊಂಡು, ಉಪ್ಪನ ತೋಳು ಮುಟ್ಟಿದರು. "ಬನ್ನಿ, ನಿಮಗೂ ತೋರಿಸ್ತೇನೆ."

ಗೋದಾಮಿನ ಒಳಮೂಲೆಯಲ್ಲಿ ಚೀಲಗಳ ನಡುವೆ ಹಗಲಲ್ಲೂ ಹೆಚ್ಚು ಬೆಳಕು ಹೋಗುವುದಿಲ್ಲ. ಇಬ್ಬರೂ ಅಲ್ಲಿಗೆ ಹೋಗಿ ನಿಂತರು. "ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಲಿ," ಎನ್ನುವ ಸರ್ ದನಿ ಕೇಳಿತು. ಅಂಥ ಮಬ್ಬಿನಲ್ಲಿ ಯಾರ ಕಣ್ಣಿಗೂ ಬಣ್ಣ ಉಳಿಯುವುದಿಲ್ಲ, ಕೆಂಪು ಬರೀ ಮಸುಕಾಗಿ, ಅದಕ್ಕಿಂತ ಗಾಢವಾದ ಕಪ್ಪಿನ ಅಂಚು ಉಳಿಯುತ್ತದೆ. ತುಸು ಹೊತ್ತಿನ ಬಳಿಕ ಉಪ್ಪನ ದನಿ ಬಂತು, ಮಗುವಿನ ದನಿಯ ಹಾಗೆ: "ಅರೆ... ಹೌದಲ್ಲ ಸಾರ್. ಇಲ್ಲಿಗೇ ನಿಂತಿದೆ."

ಹೊರಬಂದು ಸರ್ ಏಜೆಂಟನಿಗೆ ಸಮಾಧಾನದಿಂದಲೇ ಹೇಳಿದರು: "ನೋಡಿ, ನನ್ನ ಕಾಗದ ಸಂಶಯ ಮಾತ್ರ ಹೇಳ್ತದೆ, ತೀರ್ಪು ಹೇಳುವುದಿಲ್ಲ. ಮಾದರಿ ದೊಡ್ಡ ಲ್ಯಾಬಿಗೆ ಕಳಿಸುವ. ವರದಿ ಬಂದ ಮೇಲೆ ಮಾಲು ಇಳಿಸಿ. ನಿಮ್ಮದು ಒಳ್ಳೆಯದಿದ್ರೆ ನಾನೇ ಬಂದು ತಪ್ಪಾಯ್ತು ಅಂತೇನೆ." ಏಜೆಂಟ್ ವರದಿಗೆಲ್ಲ ಕಾಯುವ ಹೊತ್ತಿಲ್ಲವೆಂದು ಚೀಲ ಎತ್ತಿಕೊಂಡು ಹೊರಟ. ಲಾರಿ ನಂತೂರಿನಿಂದ ಹಾಗೆಯೇ ಮುಂದೆ ಹೋಯಿತು. ಚಾ ಬಸಿಯಲೆಂದು ಏಜೆಂಟನಿಂದ ತೆಗೆದಿಟ್ಟಿದ್ದ ಹುಡಿಯಲ್ಲಿ ಉಳಿದದ್ದನ್ನು ಸರ್ ಲ್ಯಾಬಿಗೆ ಕಳಿಸಿದರು. ಬಂದ ವರದಿ ಅವರ ಉಗುರು ಹೇಳಿದ್ದನ್ನೇ ಹೇಳಿತು. ಹೊಸ ಮಾಲು ಸಿಗುವ ತನಕ ಉಪ್ಪ ಹೋಟೆಲುಗಳಿಗೆ ಅರ್ಧರ್ಧ ಚೀಲ ಕೊಟ್ಟು ಸುಧಾರಿಸಿದರು.

ಆ ದಿನ ಅಂಗಡಿಯ ಮೆಟ್ಟಿಲಿಳಿಯುವಾಗ ಸರ್ ನನಗೆ, "ಇನ್ನು ನಿನಗೆ ನನ್ನ ಗುಟ್ಟು ಹೊರುವ ಕೆಲಸ ಇಲ್ಲ, ಆಯ್ತಾ," ಎಂದರು. ಮುಂದಿನ ತರಗತಿಯಲ್ಲಿ ಅವರು ಎಂದಿನಂತೆ ಒಬ್ಬಳ ಪಕ್ಕ ನಿಂತು, "ಬಂತಾ? ಎಂತ ಬಂತು ಹೇಳು. ನನಗೆ ಕಾಣುವುದಿಲ್ಲ," ಎಂದರು. ಇಡೀ ಪ್ರಯೋಗಾಲಯ ಒಮ್ಮೆ ತಲೆಯೆತ್ತಿತು. ಯಾರೂ ನಗಲಿಲ್ಲ. ಆ ಹುಡುಗಿ ಮಾತ್ರ ಎಷ್ಟು ಕಾಳಜಿಯಿಂದ ಬಣ್ಣವನ್ನು ವಿವರಿಸಿದಳೆಂದರೆ, ಸರ್ ಕೊನೆಗೆ "ಸಾಕು ಮಾರಾಯ್ತಿ, ಕತೆ ಬರೀತಿಯಾ?" ಎನ್ನಬೇಕಾಯಿತು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಬೋಳಾರದ ಮನೆಯಲ್ಲಿ. ನಿವೃತ್ತರಾಗಿದ್ದರು, ಹೃದಯದ ತೊಂದರೆಯಿಂದ ಸೊರಗಿದ್ದರು. ಉಪ್ಪ ಕಳಿಸಿದ್ದ ಹುಡಿಯಲ್ಲಿ ವಸಂತಿ ಮೇಡಂ ಲಿಂಬೆ ಹಿಂಡಿದ ಸುಲೈಮಾನಿ ಮಾಡಿ, ಗಾಜಿನ ಲೋಟದಲ್ಲಿ ಕೊಟ್ಟರು. ಕಿಟಕಿಯಿಂದ ಇಳಿಬಿಸಿಲು ಬರುತ್ತಿತ್ತು.

"ನಸೀಮಾ, ಇಷ್ಟು ವರ್ಷ ಇದನ್ನು ಅಳೆದೆ. ಇದು ನಿಜವಾಗಿ ಎಂತ ಕಾಣ್ತದೆ? ಬರ್ಕೊಳ್ಳಲಿಕ್ಕಲ್ಲ. ಸುಮ್ಮನೆ."

ಲೋಟವನ್ನು ಬೆಳಕಿಗೆ ಹಿಡಿದೆ. ಕೆಂಪು, ಜೇನು, ತಾಮ್ರ ಎಂಬ ಯಾವ ಮಾತೂ ಅವರ ಮುಂದೆ ನಡೆಯುವಂಥದ್ದಲ್ಲ. ಬಹಳ ಹೊತ್ತು ಹುಡುಕಿದೆ. ಕೊನೆಗೆ, "ಸಾರ್, ಬಿಸಿಲಲ್ಲಿ ತುಂಬ ನಡೆದು ಬಂದು ನೆರಳಲ್ಲಿ ಕೂತು ಕಣ್ಣು ಮುಚ್ಚಿದ್ರೆ, ಮುಖದ ಮೇಲೆ ಸ್ವಲ್ಪ ಬಿಸಿಲು ಉಳಿದಿರ್ತದಲ್ಲ, ಹಾಗೆ," ಎಂದೆ.

ಸರ್ ಲೋಟ ತೆಗೆದುಕೊಂಡು, ಕುಡಿಯದೆ, ಎರಡೂ ಕೈಯಲ್ಲಿ ಹಿಡಿದು ಕೂತರು. "ಅದು ನನಗೆ ಗೊತ್ತುಂಟು," ಎಂದರು.

"ನನ್ನ ಹತ್ರ ಒಂದು ದಿನವೂ ಕೇಳ್ಲಿಲ್ಲ ನೋಡು," ಎಂದರು ಒಳಗಿನಿಂದ ವಸಂತಿ ಮೇಡಂ.

"ನೀನು 'ಚೆಂದ ಉಂಟು' ಅಂತ ಹೇಳಿ ಮುಗಿಸ್ತಿದ್ದಿ!"

ಆ ವರ್ಷದ ಮಳೆಗಾಲ ಕಳೆಯುವ ಮೊದಲೇ ಸರ್ ಹೋದರು. ಕಾಲೇಜಿನ ಕಪಾಟಿನಲ್ಲಿ ಅರ್ಧ ಕೆಂಪು, ಅರ್ಧ ಹಸಿರು ವೃತ್ತಗಳ ಆ ಹಾಳೆ ಈಗಲೂ ಇದೆ. ತೆಗೆದು ಬಿಸಾಡಲು ನನಗೆ ಮನಸ್ಸು ಬಂದಿಲ್ಲ.

ಪಟ್ಟಿಗಳನ್ನು ಈಗ ನಾನು ಮಾಡಿ ಉಪ್ಪನಿಗೆ ಕೊಡುತ್ತೇನೆ. ಹೊಸ ಮಾಲು ಬಂದಾಗಲೆಲ್ಲ ಅವರು ಎರಡು ಲೋಟ ಚಾ ಬಸಿಯುತ್ತಾರೆ, ಪಟ್ಟಿ ಇಳಿಸುತ್ತಾರೆ. ಕಪ್ಪು ನಿಂತ ಮೇಲೆ ಬಾಗಿಲ ಬೆಳಕಿಗೆ ಬರುವುದಿಲ್ಲ. ಪಟ್ಟಿ ಹಿಡಿದು, ಚೀಲಗಳನ್ನು ದಾಟಿ, ಗೋದಾಮಿನ ಆ ಕತ್ತಲೆ ಮೂಲೆಗೆ ಹೋಗಿ ನಿಲ್ಲುತ್ತಾರೆ. ಮಾಲು ತಂದವರು ಏನೂ ಅರ್ಥವಾಗದೆ ಕಾಯುತ್ತಾರೆ. ಮೊನ್ನೆ ಒಬ್ಬರು ತಾಳ್ಮೆಗೆಟ್ಟು, "ಅಲ್ಲಿ ಎಂತ ಕಾಣ್ತದೆ ಹಾಜಿಯವರೇ, ಲೈಟ್ ಹಾಕಬಾರದಾ?" ಎಂದು ಕೂಗಿದರು.

"ಸ್ವಲ್ಪ ನಿಲ್ಲಿ," ಎಂದಿತು ಒಳಗಿನಿಂದ ಉಪ್ಪನ ದನಿ. "ಆಳ್ವ ಸಾರ್‌ನ ಕಣ್ಣು ಬರ್ಲಿಕ್ಕೆ ಒಂಚೂರು ಹೊತ್ತು ಬೇಕು."